ಇಳಿಸಿದ ಹ್ಯಾಚ್‌ಬ್ಯಾಕ್‌ನ ಕಟಕಟ, ಧಡ್, ಟಂಗ್: ಕಲಬುರಗಿ ರಸ್ತೆಯಲ್ಲಿ ಸಸ್ಪೆನ್ಷನ್ ತಪಾಸಣೆಯ ದಾಖಲೆ

ಗಾಡಿ: 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92,000 ಕಿ.ಮೀ. ಓಡಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಒಂದೇ ಕಂಬವಾಗಿ ಕೂಡಿದ್ದು), ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ). ಹಳೇ ಮಾಲೀಕರು 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಸಿದ್ದಾರೆ, ಶಾಕಪ್ (ಶಾಕ್ ಅಬ್ಸಾರ್ಬರ್) ಮಾತ್ರ ಕಂಪನಿಯವೇ. ಟಯರ್ 185/65 ಆರ್15 ಇದ್ದದ್ದನ್ನು 195/55 ಆರ್15 ಮಾಡಿದ್ದಾರೆ.

ದೂರು ಎರಡು. ಮುಂದಿನಿಂದ ಸದ್ದು, ಮತ್ತು ಸಣ್ಣ ತಗ್ಗಿಗೂ ಬೆನ್ನಿಗೆ ಬಡಿಯುವ ಸವಾರಿ. ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಒಂದೇ: "ಶಾಕಪ್ ಹೋಗ್ಯಾವ್ರಿ, ನಾಲ್ಕೂ ಬದಲಿ ಮಾಡಿಸ್ರಿ." ಇಳಿಸಿದ ಗಾಡಿಗೆ ಈ ಉತ್ತರ ಬಹಳ ಸಲ ತಪ್ಪು. ಸದ್ದು ಬರುವುದು ಯಾವುದೋ ಜೋಡಣೆ ಸಡಿಲಾಗಿ. ಸವಾರಿ ಗಟ್ಟಿಯಾಗುವುದು ಚಕ್ರಕ್ಕೆ ಮೇಲೇಳಲು ಜಾಗ ಉಳಿಯದೆ. ಎರಡಕ್ಕೂ ಒಂದೇ ಔಷಧಿ ಹುಡುಕಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ. ಆದ್ದರಿಂದ ಪಾನಾ ಹಿಡಿಯುವ ಮೊದಲು ಟೇಪು ಹಿಡಿಯಲಾಯಿತು.

ದಿನ 1: ಗಾಳಿ ಮತ್ತು ಅಳತೆ

ಮೊದಲು ಗಾಳಿ, ಅದು ಪುಕ್ಕಟೆ ಕೆಲಸ. ಬೆಳಿಗ್ಗೆ 6ಕ್ಕೆ ಟಯರ್ ತಣ್ಣಗಿದ್ದಾಗ ನೋಡಿದರೆ ನಾಲ್ಕರಲ್ಲೂ 38 ಪಿಎಸ್ಐ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುವುದು 30. ಇಲ್ಲಿಯ ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಓಡಿ ಬಂದ ಟಯರಿನ ಒತ್ತಡ ನೋಡಿ ಲೆಕ್ಕ ಹಾಕಬಾರದು. ಪ್ರತಿ 5–6 ಡಿಗ್ರಿ ಏರಿಕೆಗೆ ಹತ್ತಿರ ಹತ್ತಿರ 1 ಪಿಎಸ್ಐ ಏರುತ್ತದೆ. ಈಗ ಹಾಕಿರುವ ಟಯರಿನೊಳಗೆ ಗಾಳಿ ಹಿಡಿಯುವ ಜಾಗ ಕಡಿಮೆ, ಹಾಗಾಗಿ 30ರ ಬದಲು 32ಕ್ಕೆ ಇಳಿಸಿದೆವು. ಸಣ್ಣ ಕಂಪನ ಅಲ್ಲೇ ಕಾಲುಭಾಗ ತಗ್ಗಿದಂತೆ ಅನಿಸಿತು. ಧಡ್ ಎಂಬ ಬಡಿತ ಮಾತ್ರ ಹಾಗೇ ಇತ್ತು.

ಟಯರಿನ ಲೆಕ್ಕ ಇಲ್ಲೇ ಹೇಳಿಬಿಡಬೇಕು. 185/65 ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆ ಅದರ 65%, ಅಂದರೆ 120 ಮಿ.ಮೀ.; 195/55ರದು 107. ಅಂದರೆ ಮೆತ್ತನೆಯ ರಬ್ಬರು 13 ಮಿ.ಮೀ. ಕಡಿಮೆ, ಜೊತೆಗೆ ಇಡೀ ಗಾಡಿಯೂ ಅಷ್ಟೇ ಕೆಳಗೆ. ಸ್ಪೀಡೋಮೀಟರ್ ಕೂಡ ಸುಮಾರು 4% ಹೆಚ್ಚು ತೋರಿಸುತ್ತದೆ. 40 ಇಳಿಸಿದ್ದೇವೆ ಅಂದುಕೊಂಡವರ ಗಾಡಿ ನೆಲಕ್ಕೆ 53 ಹತ್ತಿರವಾಗಿರುತ್ತದೆ.

ಸಸ್ಪೆನ್ಷನ್ ಎಷ್ಟು ಇಳಿದಿದೆ ಎಂದು ನೋಡಲು ನೆಲದಿಂದ ಅಳೆಯಬಾರದು, ಟಯರು ಲೆಕ್ಕ ಕೆಡಿಸುತ್ತದೆ. ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿಗೆ ಅಳೆಯಬೇಕು. ಗಾಡಿ ಸಮತಟ್ಟು ಪರಸಿಯ ಮೇಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹಿಂದೆ ಮುಂದೆ ನಾಲ್ಕು ಅಡಿ ತಳ್ಳಿ, ಬಾನೆಟ್ ಮೇಲೆ ಎರಡು ಸಲ ಒತ್ತಿ ಬಿಟ್ಟ ಮೇಲೆ ಅಳತೆ. ಅದೇ ಮಾಡೆಲಿನ, ಏನೂ ಬದಲಿಸದ ಒಂದು ಗಾಡಿಯಲ್ಲಿ ಮುಂದೆ 381 ಮಿ.ಮೀ. ಇತ್ತು. ಇದರಲ್ಲಿ ಎಡಕ್ಕೆ 338, ಬಲಕ್ಕೆ 331.

ಎಡಬಲದ ಈ 7 ಮಿ.ಮೀ. ವ್ಯತ್ಯಾಸವೇ ಮುಂದಿನ ಎಲ್ಲ ಕೆಲಸಕ್ಕೂ ದಾರಿ ತೋರಿಸಿತು.

ದಿನ 2: ಸದ್ದುಗಳನ್ನು ಬೇರೆ ಬೇರೆ ಮಾಡುವುದು

ಒಂದೇ ಸದ್ದು ಎಂದು ಬಂದ ದೂರಿನಲ್ಲಿ ನಾಲ್ಕು ಸದ್ದು ಇದ್ದವು.

ಡಾಂಬರು ಕಿತ್ತ ಜಾಗದಲ್ಲಿ 15–20 ಕಿ.ಮೀ. ವೇಗಕ್ಕೆ ಕಟಕಟ. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಬಲಗಡೆ ಟಂಗ್. ಹಂಪ್ ಮೇಲೆ ಒಂದೇ ಒಂದು ಧಡ್. ನಿಧಾನಕ್ಕೆ ಬಾಡಿ ಮೇಲೆ ಕೆಳಗೆ ಆಡಿದಾಗ ಹಿಂದಿನಿಂದ ಕಿರ್ರ್.

ಕಟಕಟಕ್ಕೆ ಮೊದಲ ಅನುಮಾನ ಜಂಪಿಂಗ್ ರಾಡ್, ಅಂದರೆ ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಬಾರಿನ ಲಿಂಕ್. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೇ ಚಕ್ರ ಜಾಕ್ ಹಾಕಿ ಎತ್ತಿ ಲಿಂಕ್ ಅಲ್ಲಾಡಿಸಿದರೆ ಆಟ ಗೊತ್ತಾಗುವುದಿಲ್ಲ, ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಹಿಡಿದಿರುತ್ತದೆ. ಎರಡೂ ಚಕ್ರ ನೆಲದ ಮೇಲಿರಬೇಕು, ಇಲ್ಲವೇ ಎರಡೂ ಗಾಳಿಯಲ್ಲಿರಬೇಕು. ಖಾತ್ರಿಯ ದಾರಿ ಅಂದರೆ ಎರಡೂ ಲಿಂಕ್ ಬಿಚ್ಚಿ, ಟಯರಿಗೆ ತಾಗದಂತೆ ವೈರಿನಿಂದ ಬಿಗಿದು ಕಟ್ಟಿ, ಅದೇ ರಸ್ತೆಯಲ್ಲಿ 20ರ ವೇಗ ಮೀರದೆ ಓಡಿಸುವುದು. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಎಚ್ಚರ. ಕಟಕಟ ಪೂರ್ತಿ ನಿಂತಿತು. ಎಡ ಲಿಂಕಿನ ಕೆಳಗಿನ ಬಾಲ್ ಸತ್ತಿತ್ತು, ಬೂಟು ಹರಿದು ಒಳಗೆ ಗ್ರೀಸಿನ ಬದಲು ಬೂದುಬಣ್ಣದ ಧೂಳಿನ ಮುದ್ದೆ. ಸೇಡಂ ರಸ್ತೆಯ ಕಡೆ ಸಿಮೆಂಟು ಲಾರಿಗಳ ಹಿಂದೆ ದಿನಾ ಓಡುವ ಗಾಡಿಗಳಿಗೆ ಹರಿದ ಬೂಟು ಅಂದರೆ ಸಾಣೆ ಹಿಡಿದ ಹಾಗೆ. ಎರಡೂ ಲಿಂಕ್ ಒಟ್ಟಿಗೆ ಬದಲಾಯಿತು.

ಟಂಗ್ ಎಂಬ ಸದ್ದಿಗೆ ಒಬ್ಬರು ಸ್ಟೀರಿಂಗ್ ತಿರುಗಿಸಬೇಕು, ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟಿರಬೇಕು, ಬೆರಳು ಸುರುಳಿಗಳ ನಡುವೆ ಹೋಗಬಾರದು. ಎಡ ಸ್ಪ್ರಿಂಗ್ ನುಣ್ಣಗೆ ತಿರುಗಿತು. ಬಲದ್ದು ತಡೆದು ತಡೆದು ಒಮ್ಮೆಲೇ ಜಿಗಿಯಿತು, ಆ ಜಿಗಿತದ ಜೊತೆಗೇ ಟಂಗ್.

ದಿನ 3: ಗಟ್ಟಿ ಸವಾರಿಗೆ 14 ಮಿ.ಮೀ. ಕಾರಣ

ಶಾಕಪ್ ರಾಡಿನ ಧೂಳಿನ ಬೂಟು ಮೇಲೆ ಸರಿಸಿ, ಬಂಪ್ ಸ್ಟಾಪರಿನ (ಶಾಕಪ್ ತಳ ಮುಟ್ಟದಂತೆ ತಡೆಯುವ ಫೋಮಿನ ತುಂಡು) ತುದಿಯಿಂದ ಶಾಕಪ್ ಬಾಡಿಯ ಮೇಲ್ಮೈವರೆಗೆ ಅಳೆದರೆ, ಗಾಡಿ ಸುಮ್ಮನೆ ನಿಂತಾಗ ಎಡಕ್ಕೆ ಉಳಿದದ್ದು 14 ಮಿ.ಮೀ., ಬಲಕ್ಕೆ 7. ಬದಲಿಸದ ಗಾಡಿಯಲ್ಲಿ 57 ಇತ್ತು. ಇಳಿಸಿದ 43 ಮಿ.ಮೀ. ನೇರವಾಗಿ ಈ ಜಾಗದಿಂದಲೇ ಹೋಗಿದೆ.

ರಾಡಿಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಶಾಕಪ್ ಬಾಡಿಗೆ ತಾಗುವಂತೆ ಕೆಳಗೆ ಸರಿಸಿ, 40ರ ವೇಗದಲ್ಲಿ ರಿಂಗ್ ರೋಡಿನ ಒಳ್ಳೆಯ ಭಾಗದಲ್ಲೇ 5 ಕಿ.ಮೀ. ಓಡಿಸಲಾಯಿತು. ಹಂಪ್ ಇಲ್ಲ, ತಗ್ಗು ಇಲ್ಲ. ವಾಪಸ್ ಬಂದು ನೋಡಿದರೆ ಎರಡೂ ಕಡೆ ಟ್ಯಾಗ್ ಮೇಲೇರಿ ಸ್ಟಾಪರಿಗೆ ಒತ್ತಿಕೊಂಡು ಕೂತಿತ್ತು, ಟ್ಯಾಗಿನ ಬೀಗದ ಚೌಕ ಗುರುತು ಫೋಮಿನಲ್ಲಿ ಅಚ್ಚಾಗಿತ್ತು. ಅಂದರೆ ಗಾಡಿ ಸ್ಪ್ರಿಂಗಿನ ಮೇಲಲ್ಲ, ಸ್ಟಾಪರಿನ ಮೇಲೆ ಓಡುತ್ತಿತ್ತು. ಧಡ್ ಎಂಬ ಬಡಿತವೂ ಇಲ್ಲಿಂದಲೇ. ಸ್ಟಾಪರ್ ತಾಗಿದ ಕ್ಷಣದಿಂದ ಸ್ಪ್ರಿಂಗಿನ ಬಲಕ್ಕೆ ಸ್ಟಾಪರಿನ ಬಲವೂ ಕೂಡುತ್ತದೆ, ಒಂದೊಂದು ಮಿಲಿಮೀಟರಿಗೂ ಗಟ್ಟಿ ಏರುತ್ತ ಹೋಗುತ್ತದೆ. ಹೊಸ ಶಾಕಪ್ ಹಾಕಿದ್ದರೆ ಇದರಲ್ಲಿ ಒಂದು ಕೂದಲೂ ಬದಲಾಗುತ್ತಿರಲಿಲ್ಲ. ಶಾಕಪ್‌ನಲ್ಲಿ ಎಣ್ಣೆ ಸೋರಿಕೆ ಇಲ್ಲ, ಕೈಯಿಂದ ಒತ್ತಿದಾಗ ಎರಡೂ ದಿಕ್ಕಿಗೆ ಎಲ್ಲೂ ಬಿಡದೆ ತಡೆ ಇದೆ. ಅವು ಚೆನ್ನಾಗಿವೆ.

ಇದು ನಮ್ಮ ನೆಲಕ್ಕೆ ಇನ್ನೂ ದೊಡ್ಡ ವಿಷಯ. ಇಲ್ಲಿಯದು ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಡಾಂಬರು ನುಣ್ಣಗಿದ್ದರೂ ರಸ್ತೆ ಅಲೆಯಂತೆ ಏಳುಬೀಳಾಗಿರುತ್ತದೆ, ಆ ಅಲೆಗೆ ಚಕ್ರ ಉದ್ದಕ್ಕೆ ಮೇಲೆ ಕೆಳಗೆ ಹೋಗಬೇಕು. ಹಂಪ್‌ಗಳ ಕಥೆಯೂ ಅಷ್ಟೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಕಾಲೊನಿಗಳಲ್ಲಿ ಒಂದೂವರೆ ಅಡಿ ಅಗಲದಲ್ಲಿ ಸಿಮೆಂಟ್ ಗುಡ್ಡೆ ಹಾಕಿದಾಗ ಅದೇ ಎತ್ತರವನ್ನು ಚಕ್ರ ಒಂದೇ ಏಟಿಗೆ ಏರಬೇಕಾಗುತ್ತದೆ.

ದಿನ 4: ಸ್ಟ್ರಟ್ ಬಿಚ್ಚಿದಾಗ

ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಎರಡು ಕೊಂಡಿ ಎದುರು ಬದುರು, ಒಂದಾದ ಮೇಲೆ ಒಂದರಂತೆ ನಾಲ್ಕು ಸುತ್ತು. ಸ್ಪ್ರಿಂಗ್ ತನ್ನ ಸೀಟಿನಿಂದ ಸಡಿಲಾಗಿದೆ ಎಂದು ಕೈಗೆ ಗೊತ್ತಾದ ಮೇಲಷ್ಟೇ ಮೇಲಿನ ನಟ್ ಬಿಚ್ಚಬೇಕು. ಇಳಿಸಿದ ಸ್ಪ್ರಿಂಗ್ ಗಿಡ್ಡ, ಏನಾಗುತ್ತದೆ ಎಂದು ಕಂಪ್ರೆಸರ್ ಬಿಡುವವರು ಇದ್ದಾರೆ. ದಯವಿಟ್ಟು ಬೇಡ.

ಬಲ ಸ್ಪ್ರಿಂಗಿಗೆ ಕಂಪ್ರೆಸರ್ ಬೇಕಾಗಲೇ ಇಲ್ಲ. ಚಕ್ರ ಜೋತುಬಿದ್ದಾಗಲೇ ಅದು ಕೈಯಲ್ಲಿ ಸುತ್ತುತ್ತಿತ್ತು. ಸ್ಟ್ರಟ್ ಪೂರ್ತಿ ಚಾಚಿದಾಗ ಎರಡು ಸೀಟುಗಳ ನಡುವೆ 318 ಮಿ.ಮೀ. ಎಡ ಸ್ಪ್ರಿಂಗಿನ ಬಿಡಿ ಉದ್ದ 326, ಬಲದ್ದು 312. ಎಡದ್ದು 8 ಮಿ.ಮೀ. ಒತ್ತಡದಲ್ಲಿ ಕೂರುತ್ತದೆ, ಬಲದ್ದು 6 ಮಿ.ಮೀ. ಸಡಿಲ. ಹಂಪ್ ಇಳಿಯುವಾಗ ಚಕ್ರ ಜೋತುಬಿದ್ದರೆ ಸ್ಪ್ರಿಂಗ್ ಸೀಟು ಬಿಡುತ್ತದೆ, ಮತ್ತೆ ಕೂರುವಾಗ ತುದಿ ತನ್ನ ಗುಂಡಿಗೆ ಬೀಳದೆ ಅಡ್ಡ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಅದು ಜಾರಿ ಟಂಗ್.

ಒಂದೇ ಜೋಡಿಯ ಸ್ಪ್ರಿಂಗಿಗೆ ಎರಡು ಉದ್ದ ಯಾಕೆ? ತುದಿ ಒರೆಸಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಎಡದ ತುದಿ ಫ್ಯಾಕ್ಟರಿಯ ಬಣ್ಣದೊಳಗೇ ಇತ್ತು. ಬಲದ್ದರಲ್ಲಿ ಗ್ರೈಂಡರಿನ ಸಣ್ಣ ಗೆರೆಗಳು, ಅದರ ಪಕ್ಕ ಬೆರಳಗಲ ನವಿಲುಗರಿಯಂಥ ನೀಲಿ. ಯಾರೋ ಕಾಲು ಸುತ್ತು ಕೊಯ್ದಿದ್ದಾರೆ. ನೀಲಿ ಬಂದಿದೆ ಅಂದರೆ ಅಲ್ಲಿಯ ಉಕ್ಕು ಕಾದಿದೆ, ಅದರ ಹದ ಕೆಟ್ಟಿರಲೂಬಹುದು. ಕೊಯ್ದರೆ ಸುರುಳಿ ಕಡಿಮೆಯಾಗಿ ಸ್ಪ್ರಿಂಗ್ ಗಟ್ಟಿಯೂ ಆಗುತ್ತದೆ. 14 ಮಿ.ಮೀ. ಗಿಡ್ಡವಾದರೂ ಗಾಡಿ 7 ಮಾತ್ರ ವಾಲಿದ್ದಕ್ಕೆ ಅದೊಂದು ಕಾರಣ, ಸ್ಟೆಬಿಲೈಸರ್ ಬಾರ್ ಎಳೆದು ಹಿಡಿದದ್ದು ಇನ್ನೊಂದು.

ಆ ಜೋಡಿ ಮೂಲೆಗೆ ಹೋಯಿತು. ಬದಲಿಗೆ 25 ಮಿ.ಮೀ. ಇಳಿಸುವ ಜೋಡಿ, ಬಿಡಿ ಉದ್ದ ಎರಡಕ್ಕೂ 338. ಈ ಊರಿನ ರಸ್ತೆಗೆ, ಕಂಪನಿ ಶಾಕಪ್ ಉಳಿಸಿಕೊಳ್ಳುವುದಾದರೆ, 25ಕ್ಕಿಂತ ಹೆಚ್ಚು ಇಳಿಸುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಳಿಸುವುದೇ ಆದರೂ ಗಾಡಿಯಲ್ಲಿ ಮಾರ್ಪಾಡು ಮಾಡುವುದರ ಬಗ್ಗೆ ಹೇಳುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಂಡಿರಿ.

ಸ್ಟಾಪರ್ 12 ಮಿ.ಮೀ. ಗಿಡ್ಡ ಮಾಡಿದ್ದು ಮೇಲಿನ ದಪ್ಪ ಕಡೆಯಿಂದ. ಕೆಳಗಿನ ಚೂಪು ತುದಿಯೇ ಮೆತ್ತಗಿನ ಭಾಗ, ಅದನ್ನು ಕೊಯ್ದರೆ ಮೊದಲ ತಾಗುವಿಕೆಯೇ ಗಟ್ಟಿ. ಕೊಯ್ಯುವ ಮೊದಲು ಸ್ಪ್ರಿಂಗ್ ಇಲ್ಲದೆ ಸ್ಟ್ರಟ್ ಜೋಡಿಸಿ ಚಕ್ರ ಮೇಲೆತ್ತಿ ನೋಡಬೇಕು: ಟಯರ್ ಫೆಂಡರಿಗೆ ತಾಗಬಾರದು, ರಾಡ್ ಒಳಗೆ ತಳ ಮುಟ್ಟಬಾರದು. ಸ್ಟಾಪರ್ ಪೂರ್ತಿ ಕಿತ್ತು ಹಾಕುವ ಉಪಾಯ ಶಾಕಪ್‌ನ ಒಳಗಿನ ವಾಲ್ವನ್ನೇ ಒಡೆಯುತ್ತದೆ.

ಬಲ ಸ್ಟ್ರಟ್ ಮೌಂಟಿಂಗಿನ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಅರೆದಂತೆ. ಎರಡೂ ಹೊಸದು.

ದಿನ 5: ಕಿರ್ರ್

ಹಿಂದಿನ ಬೀಮಿನ ಬುಷ್‌ಗಳ ಮೇಲೆ ನೀರು ಚಿಮುಕಿಸಿದಾಗ ಸದ್ದು ಎರಡು ನಿಮಿಷ ನಿಂತು ಮತ್ತೆ ಬಂತು. ರಬ್ಬರು ಎಂದು ಖಾತ್ರಿ. ಸರ್ವಿಸಿಂಗಿನಲ್ಲಿ ಹೊಡೆಯುವ ಡೀಸೆಲ್ ಸ್ಪ್ರೇ ಇಲ್ಲಿ ಬೇಡ, ನಾಲ್ಕು ದಿನ ಸದ್ದು ನಿಲ್ಲುತ್ತದೆ, ರಬ್ಬರು ಉಬ್ಬಿ ಬೇಗ ಹರಿಯುತ್ತದೆ.

ಬುಷ್ ಹರಿದಿರಲಿಲ್ಲ, ತಿರುಚಿತ್ತು. ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ರಬ್ಬರು ಅಂಟಿಕೊಂಡೇ ಇರುತ್ತದೆ, ಅದು ಸುತ್ತುವುದಿಲ್ಲ, ಹಿಗ್ಗಿ ತಿರುಚುತ್ತದೆ. ಸ್ಪ್ರಿಂಗ್ ಹಾಕಿ ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಬಿಗಿದರೆ ಗಾಡಿ ಕೆಳಗಿಳಿದ ದಿನದಿಂದ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ಇನ್ನೊಂದು ಸ್ಪ್ರಿಂಗಿನಂತೆ ಗಟ್ಟಿಯನ್ನೂ ಕೂಡಿಸುತ್ತದೆ. ಗ್ಯಾರೇಜಿನ ತಪಾಸಣೆ ಗುಂಡಿಯ ಮೇಲೆ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಬೀಮಿನ ಎರಡು ಬೋಲ್ಟ್, ಮುಂದಿನ ಲೋವರ್ ಆರ್ಮಿನ ಒಳಬೋಲ್ಟ್‌ಗಳನ್ನು ಸಡಿಲಿಸಿದೆವು. ಎಡ ಬೀಮ್ ಬೋಲ್ಟ್ ಬಿಟ್ಟಾಗ ಟಕ್ ಎಂದು ಬಾಡಿ ಕೂತದ್ದು ಕಣ್ಣಿಗೇ ಕಂಡಿತು. ಬಾಡಿ ಎರಡು ಸಲ ಅಲ್ಲಾಡಿಸಿ, ಮ್ಯಾನ್ಯುವಲ್ ಹೇಳಿದ ಟಾರ್ಕಿಗೆ ಮತ್ತೆ ಬಿಗಿತ. ಕಿರ್ರ್ ಹೋಯಿತು, ಒಂದು ಪಾರ್ಟೂ ಕೊಳ್ಳದೆ.

ದಿನ 6: ಮತ್ತೆ ಅಳತೆ

ಫೆಂಡರ್ ಎಡಕ್ಕೆ 356, ಬಲಕ್ಕೆ 355. ಸ್ಟಾಪರಿಗೆ ಎಡಕ್ಕೆ 44 ಮಿ.ಮೀ. ಜಾಗ. ಅದೇ ರಿಂಗ್ ರೋಡ್, ಅದೇ 40ರ ವೇಗ, ಅದೇ 5 ಕಿ.ಮೀ.: ಟ್ಯಾಗ್ 29 ಮಿ.ಮೀ. ಏರಿ ನಿಂತಿತು, ಇನ್ನೂ 15 ಬಾಕಿ. ಎತ್ತರ ಬದಲಾದರೆ ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಬದಲಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಕಡ್ಡಾಯ. ಮುಂದಿನ ಟಯರ್‌ಗಳ ಒಳ ಅಂಚು ಸವೆದದ್ದು ಟೋ ಹೊರಕ್ಕೆ ಹೋಗಿದ್ದರಿಂದ, ಈಗ ಸೊನ್ನೆಗೆ ತಂದಿದೆ.

ಬಾಕಿ ಇರುವುದು ಹಿಂದಿನ ಕಡೆ. ಖಾಲಿ ಗಾಡಿಯಲ್ಲಿ ಸ್ಟಾಪರಿಗೆ 22 ಮಿ.ಮೀ. ಇದೆ, ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನಿಟ್ಟರೆ ಸೊನ್ನೆ. ಹಿಂದಿನ ಸ್ಪ್ರಿಂಗ್ ಕೂಡ 25ರದ್ದು ಬರಬೇಕು. ಬಂದ ಮೇಲೆ ಹುಮನಾಬಾದ್ ರಸ್ತೆಯಲ್ಲಿ ಪೂರ್ತಿ ಭಾರ ಹಾಕಿ ಟ್ಯಾಗ್ ಪರೀಕ್ಷೆ, 500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಟಾರ್ಕ್.