ಒಂದು ತರಗತಿಯ ಕಸದ ಬುಟ್ಟಿ: ಆರು ವಾರದ ದಿನಚರಿ

ಮೊದಲ ವಾರ

8ನೇ ತರಗತಿಯ ಜೊತೆ ಕಸ ಕಡಿಮೆ ಮಾಡುವ ಈ ಕೆಲಸ ಶುರು ಮಾಡುವಾಗ ಪೋಸ್ಟರ್, ಘೋಷಣೆ, ಪ್ರತಿಜ್ಞೆ ಯಾವುದೂ ಬೇಡ ಅಂದುಕೊಂಡಿದ್ದೆ. ಅವೆಲ್ಲ ಮಕ್ಕಳಿಗೆ ಬಾಯಿಪಾಠ ಆಗಿವೆ. ಅವರು ಸರಿಯಾಗಿ ನೋಡದೇ ಇರುವುದು ತಮ್ಮದೇ ತರಗತಿಯ ಕಸದ ಬುಟ್ಟಿಯನ್ನು. ಹಾಗಾಗಿ ದಿನಾ ಕೊನೆಯ ಗಂಟೆಯಲ್ಲಿ ಕಸ ತೂಗಿ, ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ಹಸಿ ಕಸವನ್ನು ಆವತ್ತೇ ಸಾಗಿಸಿದೆವು, ಒಣ ಕಸವನ್ನು ಚೀಲದಲ್ಲಿ ಕೂಡಿಟ್ಟೆವು.

ಐದನೇ ದಿನ ಕೈಗವಸು ಹಾಕಿಕೊಂಡು, ಹಳೆ ಬೆಡ್‌ಶೀಟ್ ಹಾಸಿ, ಎಲ್ಲವನ್ನೂ ಸುರಿದೆವು. ಐದು ದಿನಕ್ಕೆ ಒಟ್ಟು 6 ಕೆಜಿ 400 ಗ್ರಾಂ. ಪ್ಲಾಸ್ಟಿಕ್ಕೇ ಜಾಸ್ತಿ ಇರುತ್ತೆ ಅಂತ ಎಲ್ಲರೂ ಊಹಿಸಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದದ್ದು ಕಾಗದ. ಅದರಲ್ಲೂ ಎಷ್ಟೋ ಹಾಳೆಗಳ ಒಂದು ಮಗ್ಗುಲು ಪೂರ್ತಿ ಖಾಲಿ.

ಎರಡನೇ ವಾರ

ಈ ವಾರ ಬೇರ್ಪಡಿಸುವುದನ್ನು ಕಲಿತೆವು. ಬಾಟಲಿಯ ತಳದಲ್ಲಿರುವ ತ್ರಿಕೋನ ನೋಡಿ, ಇದು ಮರುಬಳಕೆ ಆಗಿಯೇ ಆಗುತ್ತೆ ಅಂತ ಮಕ್ಕಳು ನಂಬಿದ್ದರು. ಅದರೊಳಗಿನ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಬಗೆಯದು ಅಂತ ಮಾತ್ರ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೊಂದು 1988ರಲ್ಲಿ ಈ ಪದ್ಧತಿ ತಂದಿತು. 1 ಅಂದರೆ ಪೆಟ್, 2 ಎಚ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಆ ವಸ್ತುವನ್ನು ಯಾರಾದರೂ ತೆಗೆದುಕೊಂಡು ಕರಗಿಸುತ್ತಾರಾ ಅನ್ನುವುದು ಬೇರೆಯೇ ಪ್ರಶ್ನೆ.

ಇದನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಒಂದು ಬಕೆಟ್ ನೀರು ಚೆನ್ನಾಗಿ ಕಲಿಸಿತು. ನೀರಿನ ಬಾಟಲಿಯಿಂದ ಒಂದು ಚೂರು, ಅದರ ಮುಚ್ಚಳದಿಂದ ಒಂದು ಚೂರು ಕತ್ತರಿಸಿ ಹಾಕಿದೆವು. ಬಾಟಲಿಯ ಚೂರು ಮುಳುಗಿತು, ಮುಚ್ಚಳದ್ದು ತೇಲಿತು. ಒಂದೇ ಬಾಟಲಿ, ಎರಡು ಪ್ಲಾಸ್ಟಿಕ್! ಪೆಟ್ ನೀರಿಗಿಂತ ಭಾರ. ಮುಚ್ಚಳಕ್ಕೆ ಬಳಸುವ ಎಚ್‌ಡಿಪಿಇ, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ. ಮರುಬಳಕೆ ಘಟಕಗಳಲ್ಲೂ ಇದೇ ಉಪಾಯದಿಂದ ಚೂರುಗಳನ್ನು ಬೇರೆ ಮಾಡುತ್ತಾರೆ. 6 ಅಂತ ಬರೆದಿದ್ದ ಗಟ್ಟಿ ಲೋಟದ ಚೂರು ಮೊದಲು ಮುಳುಗಿತು. ನೀರಿಗೆ ಉಪ್ಪು ಸುರಿದು ಕಲಕುತ್ತಾ ಹೋದ ಹಾಗೆ ನಿಧಾನಕ್ಕೆ ಮೇಲೆ ಬಂತು. ಆಗ ಹಿಂದಿನ ಬೆಂಚಿನವರೂ ಎದ್ದು ಬಂದು ಬಕೆಟ್ ಸುತ್ತ ನಿಂತರು.

ಮಾಡಿ ನೋಡುವವರು ನೀರಿಗೆ ಎರಡು ಹನಿ ಸೋಪು ಹಾಕಿ. ಇಲ್ಲದಿದ್ದರೆ ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡು, ಮುಳುಗಬೇಕಾದದ್ದೂ ತೇಲುತ್ತೆ.

ಮೂರನೇ ವಾರ

ಬೇಸರದ ವಾರ. ಮೂರು ಬುಟ್ಟಿ ಇಟ್ಟಿದ್ದೆವು. ಮಕ್ಕಳು ಅಚ್ಚುಕಟ್ಟಾಗಿ ಬೇರ್ಪಡಿಸಿದ್ದರು. ತೂಗಿದರೆ 6 ಕೆಜಿ 300 ಗ್ರಾಂ. ಕಸ ಕಡಿಮೆಯೇ ಆಗಿರಲಿಲ್ಲ. ಯಾವ ಬುಟ್ಟಿಗೆ ಹಾಕಬೇಕು ಅಂತಷ್ಟೇ ನಾನು ಕಲಿಸಿದ್ದೆ. ತಪ್ಪು ಅಲ್ಲೇ ಇತ್ತು.

ಮಾರನೇ ದಿನ 100 ಬಾಟಲಿ ಮುಚ್ಚಳ ತಂದು ನೆಲದ ಮೇಲೆ ಹರಡಿದೆ. 1950ರಿಂದ 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ ಸುಮಾರು 630 ಕೋಟಿ ಟನ್ ಅಂತ 2017ರಲ್ಲಿ ಬಂದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಆ ಕಸವೆಲ್ಲ ಈ ನೂರು ಮುಚ್ಚಳ ಅಂದುಕೊಳ್ಳಿ ಅಂದೆ. ಮರುಬಳಕೆಯಾದದ್ದು 9, ಅವನ್ನು ಒಂದು ಬಟ್ಟಲಿಗೆ ಹಾಕಿಸಿದೆ. ಸುಟ್ಟದ್ದು 12, ಅವು ಇನ್ನೊಂದು ಬಟ್ಟಲಿಗೆ. ಉಳಿದ 79 ನೆಲದ ಮೇಲೇ ಇದ್ದವು. ಯಾರೂ ಮಾತಾಡಲಿಲ್ಲ.

"ಹಾಗಾದ್ರೆ ನಾವು ಬೇರ್ಪಡಿಸಿದ್ದು ದಂಡನಾ ಮಿಸ್?" ಅಂತ ಒಬ್ಬಳು ಕೇಳಿದಳು. ಖಂಡಿತ ಅಲ್ಲ. ಅಲ್ಯೂಮಿನಿಯಂ ಡಬ್ಬಿ ಕರಗಿಸಿ ಮತ್ತೆ ಲೋಹ ಮಾಡಿದರೆ, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಸುಮಾರು 95% ವಿದ್ಯುತ್ತು, ಇಂಧನ ಉಳಿಯುತ್ತೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಕಾಗದ ಹಾಗಲ್ಲ. ಪ್ರತಿ ಸಲವೂ ಅದರ ನಾರು ಚಿಕ್ಕದಾಗುತ್ತಾ, ಐದಾರು ಸಲಕ್ಕೆ ಸೋತುಹೋಗುತ್ತೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಅಂಟಿಸಿದ ಮಿರಮಿರ ತಿಂಡಿ ಪೊಟ್ಟಣಗಳ ಕಥೆ ಇನ್ನೂ ಕಷ್ಟ. ಆ ಪದರಗಳನ್ನು ಬಿಡಿಸುವುದೇ ದೊಡ್ಡ ತಲೆನೋವು.

ನಾಲ್ಕನೇ ವಾರ

ಪ್ರಶ್ನೆ ಬದಲಾಯಿಸಿದೆ. ಬುಟ್ಟಿಯ ಮೇಲಿದ್ದ ಚೀಟಿಗಳನ್ನು ಕಿತ್ತು, "ಇದು ಇಲ್ಲಿಗೆ ಬರಲೇಬೇಕಿತ್ತಾ?" ಅಂತ ಬರೆದು ಅಂಟಿಸಿದೆವು. ಒಂದೊಂದು ವಸ್ತು ಎತ್ತಿ ಹಿಡಿದು ಮಕ್ಕಳೇ ವಾದ ಮಾಡಿದರು. ಒಂದು ಮಗ್ಗುಲು ಖಾಲಿ ಇರುವ ಹಾಳೆಗೆ ಬೇರೆ ಪೆಟ್ಟಿಗೆ ಬಂತು. ನಾಲ್ವರು ಕೂತು ಆ ಹಾಳೆಗಳನ್ನು ಹೊಲಿದು ರಫ್ ನೋಟ್‌ಬುಕ್ ಮಾಡಿದರು. ಎಲ್ಲಕ್ಕಿಂತ ಮುಖ್ಯವಾದ ಮಾತು ಒಬ್ಬ ಹುಡುಗನದು: "ಮಿಸ್, ಕಿರು ಪರೀಕ್ಷೆಯ ಪ್ರಶ್ನೆಪತ್ರಿಕೆ ಒಂದೇ ಮಗ್ಗುಲಲ್ಲಿ ಪ್ರಿಂಟ್ ಮಾಡೋದು ನೀವು ಅಲ್ವಾ?" ಹೌದು, ನಾವೇ. ಮುಂದಿನ ಪರೀಕ್ಷೆಯಿಂದ ಎರಡೂ ಮಗ್ಗುಲಲ್ಲಿ ಪ್ರಿಂಟ್ ಮಾಡಿಸುತ್ತಿದ್ದೇನೆ. ಇನ್ನೂ ಚಿಕ್ಕ ಪರೀಕ್ಷೆಗಳ ಪ್ರಶ್ನೆಯನ್ನು ಬೋರ್ಡಿನ ಮೇಲೇ ಬರೆಯುತ್ತೇನೆ.

ಐದನೇ ವಾರ

ಹಸಿ ಕಸಕ್ಕೆ ಗೊಬ್ಬರದ ಡ್ರಮ್ ಮೂರನೇ ವಾರವೇ ಇಟ್ಟಿದ್ದೆವು. ಈ ವಾರ ಮುಚ್ಚಳ ತೆಗೆದರೆ ಕೆಟ್ಟ ವಾಸನೆ. ಬರೀ ಸಿಪ್ಪೆ ತುಂಬಿದ್ದೆವು, ಒಣಗಿದ್ದು ಏನೂ ಹಾಕಿರಲಿಲ್ಲ. ಒದ್ದೆಯಾಗಿ ಒತ್ತಿಕೊಂಡ ಕಸದೊಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳೇ ಬೇರೆ. ಕಸದ ಗುಡ್ಡದ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುವುದೂ ಹೀಗೇ. ಈ ಪಾಠವನ್ನು ಡ್ರಮ್ಮಿನ ಪಕ್ಕದಲ್ಲೇ ನಿಂತು ಮಾಡಿದೆ. ಒಣ ಎಲೆ, ಹರಿದ ರಟ್ಟು ಸೇರಿಸಿ ಕೋಲಿನಿಂದ ಮಗುಚಿದೆವು. ನಾಲ್ಕು ದಿನಕ್ಕೆ ವಾಸನೆ ಹೋಯಿತು, ಮಧ್ಯದಲ್ಲಿ ಕೈ ಇಟ್ಟರೆ ಬಿಸಿ. ಆ ಬಿಸಿ ಮುಟ್ಟಿ ನೋಡಲು ಮಕ್ಕಳು ಸಾಲು ನಿಂತರು.

ಆರನೇ ವಾರ

3 ಕೆಜಿ 700 ಗ್ರಾಂ. ಡ್ರಮ್ಮಿಗೆ ಹೋದ ಸಿಪ್ಪೆಯನ್ನೂ ಸೇರಿಸಿಯೇ ತೂಗಿದ್ದು. ಇಳಿದದ್ದರಲ್ಲಿ ಹೆಚ್ಚಿನ ಪಾಲು ಕಾಗದದ್ದು. ಪೊಟ್ಟಣಗಳು ಮಾತ್ರ ಹೆಚ್ಚು ಕಡಿಮೆ ಹಾಗೇ ಇವೆ. ಅದಕ್ಕೆ ಮಕ್ಕಳ ಮನೆಯವರ ಜೊತೆಗೂ ಮಾತಾಡಬೇಕು, ಇನ್ನೂ ಶುರು ಮಾಡಿಲ್ಲ.

ಈಗ ಮೂವರು ಮಕ್ಕಳು ಪೆನ್ನಿನ ಹಿಂದೆ ಬಿದ್ದಿದ್ದಾರೆ. ಎಸೆದ ಪೆನ್ನುಗಳನ್ನು ಬಿಚ್ಚಿ ನೋಡಿದ್ದಾರೆ. ಎರಡು ಮೂರು ಬಗೆಯ ಪ್ಲಾಸ್ಟಿಕ್, ಲೋಹದ ತುದಿ, ಕೆಲವದರಲ್ಲಿ ಸ್ಪ್ರಿಂಗ್, ಉಳಿದ ಶಾಯಿ. ಬರೀ ರೀಫಿಲ್ ಬದಲಾಯಿಸಿದ್ದರೆ ಸಾಕಾಗುತ್ತಿದ್ದ ಪೆನ್ನುಗಳೆಷ್ಟು, ಬದಲಾಯಿಸಲು ಆಗದಂತೆ ಮುಚ್ಚಿದ್ದವೆಷ್ಟು ಅಂತ ಎರಡು ಪೆಟ್ಟಿಗೆ ಮಾಡಿಕೊಂಡಿದ್ದಾರೆ. ಎಣಿಕೆ ಸೋಮವಾರ.