ಸೊಂಟದಿಂದ ಪಾದಕ್ಕಿಳಿಯುವ ನೋವು: ಸಯಾಟಿಕಾ ಮತ್ತು ಅದರ ಚಿಕಿತ್ಸೆ

ಸೊಂಟನೋವು, ಕಾಲುನೋವು, ನರ ಹಿಡಿದದ್ದು ಎಂದು ನಾವು ನಾನಾ ಹೆಸರಿನಿಂದ ಕರೆಯುವ ತೊಂದರೆಗಳ ನಡುವೆ ಸಯಾಟಿಕಾವನ್ನು ಗುರುತಿಸಲು ಒಂದು ಒಳ್ಳೆಯ ಸುಳಿವಿದೆ: ಇಲ್ಲಿ ಸಾಮಾನ್ಯವಾಗಿ ಸೊಂಟಕ್ಕಿಂತ ಕಾಲೇ ಹೆಚ್ಚು ನೋಯುತ್ತದೆ. ನೋವು ಪೃಷ್ಠದಿಂದ ಹೊರಟು, ತೊಡೆಯ ಹಿಂಭಾಗದಲ್ಲಿ ಇಳಿದು, ಮಂಡಿಯನ್ನು ದಾಟಿ ಮೀನಖಂಡಕ್ಕೂ ಪಾದಕ್ಕೂ ಹರಿಯುತ್ತದೆ. ಬೆನ್ನುಮೂಳೆಯ ಕೆಳಭಾಗದಿಂದ ಕಾಲಿಗೆ ಹೊರಡುವ ನರಬೇರುಗಳಲ್ಲಿ ಎಲ್5 ಎಂಬುದು ಒತ್ತಡಕ್ಕೆ ಸಿಕ್ಕಿದ್ದರೆ ಜೋಮು ಹೆಬ್ಬೆರಳಿನ ಕಡೆಗೂ, ಎಸ್1 ಆಗಿದ್ದರೆ ಕಿರುಬೆರಳಿನ ಕಡೆಗೂ ಇರುವುದು ಸಾಮಾನ್ಯ. ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಕಾಲನ್ನು ಮೇಲೆತ್ತಿ ನೋಡುವುದು ಈ ನರಬೇರು ಕೆರಳಿದೆಯೇ ಎಂದು ತಿಳಿಯಲಿಕ್ಕಾಗಿ.

ಹೆಚ್ಚಿನವರಲ್ಲಿ ಇದಕ್ಕೆ ಕಾರಣ, ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಗೆ ಉಬ್ಬಿ ನರದ ಬೇರನ್ನು ಒತ್ತುವುದು. ಇದನ್ನು ಖಚಿತವಾಗಿ ತೋರಿಸಿಕೊಟ್ಟವರು ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್. ಅವರ ಪ್ರಬಂಧ 1934ರಲ್ಲಿ ಪ್ರಕಟವಾಯಿತು. ಆದರೆ ನೋವಿಗೆ ಒತ್ತಡವೊಂದೇ ಕಾರಣವಲ್ಲ, ಡಿಸ್ಕಿನ ಒಳತಿರುಳು ಸೋರಿ ನರದ ಸುತ್ತ ಉರಿಯೂತವೂ ಏಳುತ್ತದೆ. ಹಾಗೆ ಹೊರಬಂದ ತಿರುಳನ್ನು ದೇಹದ ರಕ್ಷಣಾ ಕೋಶಗಳೇ ಕ್ರಮೇಣ ಕರಗಿಸುವುದುಂಟು, ಅದರಲ್ಲೂ ದೊಡ್ಡ ತುಣುಕುಗಳೇ ಹೆಚ್ಚಾಗಿ ಕುಗ್ಗುತ್ತವೆ. ಬಹುಪಾಲು ಜನರ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ಗಣನೀಯವಾಗಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ನಮ್ಮ ಚಿಕ್ಕಮ್ಮನಿಗೆ ಈ ನೋವು ಬಂದಾಗ ಬಂಧುಗಳೆಲ್ಲರೂ ಹೇಳಿದ್ದು ಎರಡೇ ಮಾತು: ಹಾಸಿಗೆ ಬಿಟ್ಟು ಏಳಬೇಡಿ, ಕೂಡಲೇ ಎಂಆರ್‌ಐ ಮಾಡಿಸಿ. ಪ್ರೀತಿಯಿಂದಲೇ ಹೇಳಿದ ಈ ಎರಡು ಸಲಹೆಗಳನ್ನೂ ನಾನು ಒಪ್ಪಲಾರೆ. ಪೂರ್ಣ ವಿಶ್ರಾಂತಿಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ನೆದರ್ಲೆಂಡ್ಸಿನ ಅಧ್ಯಯನವೊಂದು 1999ರಲ್ಲೇ ತೋರಿಸಿದೆ. ಸಹಿಸಲಾಗುವಷ್ಟು ನಡೆದಾಡುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡುವುದು ಮೇಲು. ಎಂಆರ್‌ಐ ವರದಿಯಲ್ಲಿ ಕಾಣುವ ಡಿಸ್ಕ್ ಉಬ್ಬು ಯಾವ ನೋವೂ ಇಲ್ಲದವರಲ್ಲಿಯೂ ಸಾಕಷ್ಟು ಕಾಣುತ್ತದೆ. ಆದ್ದರಿಂದ ಆರಂಭದಲ್ಲಿಯೇ ಮಾಡಿಸಿದ ಚಿತ್ರ ಹಲವು ಬಾರಿ ಭಯವನ್ನಷ್ಟೇ ಹೆಚ್ಚಿಸುತ್ತದೆ.

ಔಷಧಗಳ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಉರಿಯೂತ ತಗ್ಗಿಸುವ ಮಾತ್ರೆಗಳು ಸ್ವಲ್ಪ ನೆರವಾಗಬಹುದು, ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು. ನರದ ಮಾತ್ರೆಯೆಂದು ಬಹಳವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್, 2017ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಸಯಾಟಿಕಾದ ನೋವನ್ನು ಹುಸಿಮಾತ್ರೆಗಿಂತ ಹೆಚ್ಚೇನೂ ಇಳಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರಗಳ ಮಟ್ಟಿಗೆ ಉಪಶಮನ ಕೊಡುತ್ತದೆ.

ಕಾಯಲೇಬಾರದ ಸಂದರ್ಭವೊಂದಿದೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗಗಳ ಸುತ್ತ ಸ್ಪರ್ಶಜ್ಞಾನ ಕುಂದುವುದು, ಎರಡೂ ಕಾಲುಗಳ ಬಲ ಕುಗ್ಗುವುದು ಕಂಡರೆ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ತಡವಾದರೆ ಹಾನಿ ಶಾಶ್ವತವಾಗಬಹುದು. ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೂ ಬೇಗನೆ ವೈದ್ಯರನ್ನು ಕಾಣಬೇಕು.

ಇಂಥ ಅಪಾಯವಿಲ್ಲದವರಲ್ಲಿ ಶಸ್ತ್ರಚಿಕಿತ್ಸೆಯ ನಿರ್ಧಾರ ಬಹುಮಟ್ಟಿಗೆ ರೋಗಿಯ ಕೈಯಲ್ಲಿದೆ. ನೆದರ್ಲೆಂಡ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇಗ ಶಸ್ತ್ರಚಿಕಿತ್ಸೆ ಪಡೆದವರ ಕಾಲುನೋವು ಬೇಗ ಇಳಿಯಿತಾದರೂ, ಒಂದು ವರ್ಷದ ಹೊತ್ತಿಗೆ ಕಾದು ನೋಡಿದವರ ಸ್ಥಿತಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ವಾರಗಟ್ಟಲೆ ನಿದ್ದೆಗೆಟ್ಟು, ದುಡಿಮೆ ನಿಂತುಹೋದವರಿಗೆ ಆ ಬೇಗನೆ ಸಿಗುವ ಉಪಶಮನವೇ ದೊಡ್ಡದು. ಅವರು ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರೆ ಅದು ಅವಸರವೆನ್ನಲಾಗದು. ಅದರಿಂದ ಮುಖ್ಯವಾಗಿ ಇಳಿಯುವುದು ಕಾಲಿನ ನೋವು; ಸೊಂಟದ ನೋವು ಅಷ್ಟಾಗಿ ಇಳಿಯದೆ ಇರಬಹುದು, ಜೋಮು ಹೋಗಲು ತಿಂಗಳುಗಳೇ ಹಿಡಿಯಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.