ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆ: ಕೈ ತಪ್ಪುವುದು ಎಲ್ಲಿ?

ಪೈಲಟ್ ಆಗಲು ಹೊರಟವರು ಆಪ್ಟಿಟ್ಯೂಡ್ (ಸಹಜ ಸಾಮರ್ಥ್ಯ ಅಳೆಯುವ) ಪರೀಕ್ಷೆಗೆಂದು ಭೌತಶಾಸ್ತ್ರದ ಪುಸ್ತಕ ಹಿಡಿದು ರಾತ್ರಿಯಿಡೀ ಕೂರುವುದನ್ನು ಕಂಡರೆ ಸಂಕಟವಾಗುತ್ತದೆ. ಕೆಲವು ಕಡೆ ಗಣಿತ, ಭೌತಶಾಸ್ತ್ರದ ಪ್ರಶ್ನೆಗಳೂ ಇರುತ್ತವೆ, ನಿಜ. ಆದರೆ ಮುಖ್ಯವಾಗಿ ಅಳೆಯುವುದು ಬೇರೆಯದನ್ನು: ಕೈ ಒಂದು ಕೆಲಸದಲ್ಲಿ ತೊಡಗಿರುವಾಗ ಇನ್ನೊಂದಕ್ಕೆ ತಲೆಯಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು.

ಹೆಚ್ಚು ಜನ ಎಡವುವುದು ಟ್ರ್ಯಾಕಿಂಗ್‌ನಲ್ಲಿ. ಪರದೆಯ ಮೇಲೆ ಅಲೆದಾಡುವ ಚುಕ್ಕೆಯನ್ನು ಜಾಯ್‌ಸ್ಟಿಕ್‌ನಿಂದ ನಡುವಿನ ಗುರುತಿಗೆ ತಂದು ಹಿಡಿದಿಡಬೇಕು. ಕೆಲವು ಪರೀಕ್ಷೆಗಳಲ್ಲಿ ಎಡಬಲದ ಚಲನೆಗೆ ಪೆಡಲ್ ಇರುತ್ತದೆ. ಹಲವು ಪರೀಕ್ಷೆಗಳಲ್ಲಿ ಸ್ಟಿಕ್ ವಾಲಿಸಿದಷ್ಟೂ ಚುಕ್ಕೆಯ ವೇಗ ಹೆಚ್ಚುತ್ತದೆ. ಚುಕ್ಕೆ ನಡುವಿಗೆ ಬಂದ ಮೇಲೆ ಸ್ಟಿಕ್ ಬಿಟ್ಟರೆ ಅಷ್ಟರಲ್ಲಿ ಅದು ಆಚೆ ದಾಟಿರುತ್ತದೆ. ಗಾಬರಿಯಿಂದ ವಿರುದ್ಧ ದಿಕ್ಕಿಗೆ ಎಳೆದರೆ ಮತ್ತೆ ಈಚೆ ದಾಟುತ್ತದೆ, ಆಮೇಲೆ ತೂಗಾಟವೇ. ಆದ್ದರಿಂದ ಮುಂಗೈ ಮೇಜಿಗೆ ಊರಿ, ಸ್ಟಿಕ್ಕನ್ನು ಮುಷ್ಟಿಯಲ್ಲಲ್ಲ, ಬೆರಳ ತುದಿಯಲ್ಲಿ ಹಿಡಿಯಿರಿ. ಚುಕ್ಕೆ ನಡು ತಲುಪುವ ಮೊದಲೇ ಸ್ಟಿಕ್ ಮಧ್ಯಕ್ಕೆ ಮರಳಿರಬೇಕು.

ಇದರ ಜೊತೆಗೇ ಹೆಡ್‌ಫೋನಿನಲ್ಲಿ ಅಂಕಿಗಳು ಬರತೊಡಗುತ್ತವೆ. ಸಮ ಸಂಖ್ಯೆ ಕೇಳಿದರೆ ಗುಂಡಿ ಒತ್ತಬೇಕು, ಹೀಗೆ. ಚುಕ್ಕೆಯನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದು ಅಂಕಿಗಳನ್ನು ಪೂರ್ತಿ ಕಳೆದುಕೊಳ್ಳುವವರಿಗಿಂತ, ಚುಕ್ಕೆ ತುಸು ಅಲೆದರೂ ಎರಡನ್ನೂ ಬಿಡದವರು ಮುಂದೆ ಹೋಗುತ್ತಾರೆ. ಕಾಕ್‌ಪಿಟ್‌ನಲ್ಲೂ ಬೇಕಾದದ್ದು ಇದೇ ಗುಣ.

ಬಾಯಿಲೆಕ್ಕಕ್ಕೆ ಕೆಲವು ಅಡ್ಡದಾರಿಗಳಿವೆ. ವಿಮಾನದ ವೇಗವನ್ನು ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂದು ಹೇಳುತ್ತಾರೆ; ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ನಾಟಿಕಲ್ ಮೈಲಿ ಎಂದು ತಿಳಿಯುತ್ತದೆ: 420 ನಾಟ್ ಎಂದರೆ 7, ಹಾಗಾಗಿ 84 ನಾಟಿಕಲ್ ಮೈಲಿಗೆ 12 ನಿಮಿಷ. ವಿರುದ್ಧ ಹೆಡಿಂಗ್ (ವಿಮಾನದ ಮೂತಿ ತೋರುವ ದಿಕ್ಕು, ಡಿಗ್ರಿಗಳಲ್ಲಿ) ಬೇಕಾದರೆ 200 ಕೂಡಿ 20 ಕಳೆಯಿರಿ: 070 ಇದ್ದದ್ದು 250. ಹೆಡಿಂಗ್ 180 ದಾಟಿದ್ದರೆ 200 ಕಳೆದು 20 ಕೂಡಿ: 310 ಇದ್ದದ್ದು 130.

ದಿಕ್ಕಿನ ಪ್ರಶ್ನೆಗಳಲ್ಲಿ ಕೃತಕ ದಿಗಂತದ (ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಉಪಕರಣದ) ಚಿತ್ರ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯ ಉಪಕರಣದಲ್ಲಿ ವಿಮಾನದ ಗುರುತು ನಿಂತಲ್ಲೇ ಇರುತ್ತದೆ, ಅಲುಗುವುದು ದಿಗಂತ. ವಿಮಾನ ಬಲಕ್ಕೆ ವಾಲಿದರೆ ದಿಗಂತದ ಬಲತುದಿ ಮೇಲೇರಿ ಕಾಣುತ್ತದೆ.

ವ್ಯಕ್ತಿತ್ವದ ಪ್ರಶ್ನಾವಳಿಗೆ ತಯಾರಿಯೇ ಬೇಡ. ಒಂದೇ ಪ್ರಶ್ನೆ ಬೇರೆ ಮಾತುಗಳಲ್ಲಿ ಮರಳಿ ಬರುತ್ತದೆ, ನಟಿಸಿದರೆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಅಂಕಗಳನ್ನು ಹಲವೆಡೆ ಸ್ಟನೈನ್ ಎಂಬ ಅಳತೆಯಲ್ಲಿ ಕೊಡುತ್ತಾರೆ: 1ರಿಂದ 9, ಸರಾಸರಿ 5. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆ ರೂಢಿಗೆ ತಂದ ಅಳತೆ ಇದು. ಪ್ರತಿ ಭಾಗಕ್ಕೂ ಕನಿಷ್ಠ ಅಂಕ ಇಟ್ಟಿರುವಲ್ಲಿ ಗಣಿತದ 9 ಟ್ರ್ಯಾಕಿಂಗ್‌ನ 2ನ್ನು ಕಾಪಾಡುವುದಿಲ್ಲ. ಹಾಗಾಗಿ ಬಲವಾದ ವಿಷಯವನ್ನೇ ಮತ್ತೆ ಮತ್ತೆ ತಿದ್ದುವುದನ್ನು ಬಿಟ್ಟು, ದುರ್ಬಲವಾದದ್ದಕ್ಕೆ ದಿನಕ್ಕೆ 20 ನಿಮಿಷದಂತೆ ಎರಡು ಮೂರು ವಾರ ಕೊಡಿ. ಒಂದೇ ದಿನ ಮೂರು ಗಂಟೆ ಕೂತರೆ ಕೈ ಸೋಲುತ್ತದೆ ಅಷ್ಟೇ.

ಇಷ್ಟೆಲ್ಲಕ್ಕೂ ಮೊದಲು ಮಾಡಿಸಬೇಕಾದದ್ದು ವಾಣಿಜ್ಯ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ತಪಾಸಣೆ. ಬಣ್ಣ ಗುರುತಿಸುವಲ್ಲಿ ತೊಂದರೆಯಿದ್ದರೆ ಅದು ತರಬೇತಿಯ ಶುಲ್ಕ ಕಟ್ಟಿದ ಮೇಲೆ ಗೊತ್ತಾಗಬಾರದು. ಮುಂದಿನ ಹಾದಿಯೂ ಉದ್ದವಿದೆ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ವಿಮಾನದ ವಾಣಿಜ್ಯ ಲೈಸೆನ್ಸಿಗೆ ಕನಿಷ್ಠ 18 ವರ್ಷ ವಯಸ್ಸು ಮತ್ತು 200 ಗಂಟೆ ಹಾರಾಟ, ಮಾನ್ಯ ಪಠ್ಯಕ್ರಮದಲ್ಲಿ ಕಲಿತರೆ 150. ಅದಕ್ಕೂ ಮೇಲಿನ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ 21 ವರ್ಷ, 1500 ಗಂಟೆ.

ಪರೀಕ್ಷೆಯಲ್ಲಿ ಸೋತರೆ ಮರುಪರೀಕ್ಷೆಗೆ ಎಷ್ಟು ಕಾಲ ಕಾಯಬೇಕು, ಯಾವ ಭಾಗದಲ್ಲಿ ಅಂಕ ಕಡಿಮೆಯಾಯಿತು ಎಂದು ಅಂದೇ ಕೇಳಿ ಬರೆದುಕೊಳ್ಳಿ.